ಸತ್ಯಾಂಶ: ಮುಟ್ಟಿದ ಮರಿಯನ್ನು ಹಮ್ಮಿಂಗ್‌ಬರ್ಡ್ ತಾಯಿ ತೊರೆಯುತ್ತದೆಯೇ?

"ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ, ಮನೆಗೆ ತಂದು ಜೇನುನೀರು ಕುಡಿಸಿ" ಎಂಬ ಫಾರ್ವರ್ಡ್‌ನ ಎರಡು ಮಾತೂ ತಪ್ಪು.

ಅಮೆರಿಕದ ನಿಮ್ಮ ಹಿತ್ತಲಲ್ಲಿ ಬಿದ್ದ ಮರಿಗೆ ಗಾಯವಾಗಿಲ್ಲದಿದ್ದರೆ ಮೆಲ್ಲಗೆ ಗೂಡಿಗೇ ಸೇರಿಸಿ. ದೂರ ನಿಂತು ಒಂದು ಗಂಟೆ ಕಣ್ಣು ಕೀಳದೆ ನೋಡಿ: ತಾಯಿ ಬಂದು, ಸೂಜಿಯಂಥ ಕೊಕ್ಕನ್ನು ಮರಿಯ ಗಂಟಲಿಗಿಳಿಸಿ, ಕೆಲವೇ ಸೆಕೆಂಡಿನಲ್ಲಿ ಹಾರಿಹೋಗುತ್ತದೆ. ಮರಿ ಸದ್ದಿಲ್ಲದೆ ಕೂತಿರುವುದು ಸಹಜ. ಬಿಡದೆ ಕೂಗುತ್ತಿದ್ದರೆ ಹಸಿವು ಮಿತಿಮೀರಿದೆ ಎಂದರ್ಥ.

ತಾಯಿ ಬಾರದಿದ್ದರೆ ಪರವಾನಗಿಯುಳ್ಳ ವನ್ಯಜೀವಿ ಆರೈಕೆ ಕೇಂದ್ರಕ್ಕೆ ಕರೆ ಮಾಡಿ. ಜೇನು ಬೇಡವೇ ಬೇಡ, ಬೇಗ ಹುಳಿತು ಬೂಸ್ಟು ಹಿಡಿಯುತ್ತದೆ. ಕೇಂದ್ರದವರು ಹೇಳಿದರಷ್ಟೇ, 1 ಪಾಲು ಬಿಳಿ ಸಕ್ಕರೆಗೆ 4 ಪಾಲು ನೀರು ಬೆರೆಸಿ, ಕೊಕ್ಕಿನ ತುದಿಗೆ ಒಂದೊಂದೇ ಹನಿ ಮುಟ್ಟಿಸಿ. ಹೊಳ್ಳೆಗೆ ಹೋದರೆ ಉಸಿರುಗಟ್ಟುತ್ತದೆ. ಪುಟ್ಟ ಕೀಟಗಳ ಪ್ರೋಟೀನ್ ಇಲ್ಲದೆ ಬರೀ ಸಕ್ಕರೆನೀರಲ್ಲಿ ಮರಿ ಬೆಳೆಯದು.