ಲೋಡ್ ಹೆಚ್ಚಿಸುವ ಮೊದಲು ಫೇಸ್ ನೋಡಿ

ಚಿಕ್ಕ ಹೋಟೆಲ್‌ಗಳಲ್ಲಿ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಪದೇ ಪದೇ ಟ್ರಿಪ್ ಆದರೆ ಮಂಜೂರಾದ ಲೋಡ್, ಅಂದರೆ ವಿದ್ಯುತ್ ಕಂಪನಿ ಒಪ್ಪಿದ ಬಳಕೆಯ ಮಿತಿ, ಹೆಚ್ಚಿಸಿಕೊಳ್ಳಿ ಎಂದು ನಿಮ್ಮ ಲೇಖನದಲ್ಲಿ ಹೇಳಿದ್ದೀರಿ. ಒಪ್ಪುತ್ತೇನೆ, ಆದರೆ ಅದು ಎರಡನೇ ಕೆಲಸ. ತ್ರೀ ಫೇಸ್ ಕನೆಕ್ಷನ್ (ಮೂರು ಲೈನ್‌ಗಳಲ್ಲಿ ಕರೆಂಟ್ ಬರುವ ಸಂಪರ್ಕ) ಇದ್ದರೂ ಎಷ್ಟೋ ದರ್ಶಿನಿಗಳಲ್ಲಿ ದೊಡ್ಡ ಲೋಡೆಲ್ಲ ಒಂದೇ ಫೇಸ್ ಮೇಲೆ ಬಿದ್ದಿರುತ್ತದೆ. 3 ಕಿಲೋವ್ಯಾಟ್ ಇಂಡಕ್ಷನ್ ಒಲೆ 230 ವೋಲ್ಟ್‌ನಲ್ಲಿ ಸುಮಾರು 13 ಆಂಪಿಯರ್ ಎಳೆಯುತ್ತದೆ. 2 ಕಿಲೋವ್ಯಾಟ್ ಗೀಸರ್ ಸೇರಿದರೆ ಇನ್ನೊಂದು 9. ಉಳಿದ ಎರಡು ಫೇಸ್ ಸುಮ್ನೆ ಇರುತ್ತವೆ! ಬೆಳಗಿನ ರಶ್ ಹೊತ್ತಿನಲ್ಲೇ ಎಲೆಕ್ಟ್ರಿಷಿಯನ್ ಕರೆಸಿ, ಕ್ಲ್ಯಾಂಪ್ ಮೀಟರ್‌ನಿಂದ (ವೈರ್ ಸುತ್ತ ಹಿಡಿದು ಕರೆಂಟ್ ಅಳೆಯುವ ಸಾಧನ) ಮೂರೂ ಫೇಸ್ ಅಳೆಸಿ, ಲೋಡನ್ನು ಮೂರಕ್ಕೂ ಹಂಚಿಸಿ. ಮಧ್ಯಾಹ್ನ ಅಳೆದರೆ ಏನೂ ಗೊತ್ತಾಗಲ್ಲ.

ಗ್ರೈಂಡರ್ ವಿಷಯ ಬೇರೆಯೇ. ಮೋಟಾರ್ ಸ್ಟಾರ್ಟ್ ಆಗುವ ಕ್ಷಣದಲ್ಲಿ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಬೇಕು. ಕರೆಂಟ್ ಹೋದಾಗ ಯಾರೂ ಸ್ವಿಚ್ ಆಫ್ ಮಾಡಿರುವುದಿಲ್ಲ. ಬಂದ ತಕ್ಷಣ ಗ್ರೈಂಡರ್, ಡೀಪ್ ಫ್ರೀಜರ್ ಎಲ್ಲ ಒಟ್ಟಿಗೆ ಶುರುವಾಗುತ್ತವೆ, ಎಂಸಿಬಿ ಬೀಳುತ್ತದೆ. ಕರೆಂಟ್ ಹೋದ ಕೂಡಲೇ ಗ್ರೈಂಡರ್ ಆಫ್ ಮಾಡುವ ಅಭ್ಯಾಸ ಅಡುಗೆಯವರಿಗೆ ಇರಲೇಬೇಕು. ರುಬ್ಬುವ ಕೆಲಸವನ್ನು ರಶ್ ಇಲ್ಲದ ಹೊತ್ತಿಗೆ ಹಾಕಿಕೊಂಡರೆ ಅರ್ಧ ತಲೆನೋವು ಹೋಗುತ್ತದೆ.

ದಯವಿಟ್ಟು ವೈರ್ ಬದಲಿಸದೆ ದೊಡ್ಡ ಎಂಸಿಬಿ ಮಾತ್ರ ಹಾಕಿಸಬೇಡಿ. ಟ್ರಿಪ್ ನಿಲ್ಲುತ್ತದೆ ನಿಜ, ಆದರೆ ಗೋಡೆಯೊಳಗೆ ವೈರ್ ಬಿಸಿಯಾಗುತ್ತಿರುತ್ತದೆ. ಎಂಸಿಬಿ ಇರುವುದೇ ವೈರ್ ಕಾಪಾಡಲು, ಅಲ್ವಾ? ಮನುಷ್ಯರನ್ನು ಕಾಪಾಡಲು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕೂಡಲೇ ಸಪ್ಲೈ ಕತ್ತರಿಸುವ ಸ್ವಿಚ್) ಬೇಕು. ಸದಾ ನೀರು ನಿಲ್ಲುವ ನೆಲದಲ್ಲಿ ಬರಿಗಾಲಲ್ಲಿ ಪಾತ್ರೆ ತೊಳೆಯುವ ಹುಡುಗರು ಓಡಾಡುತ್ತಾರೆ. ಲೇಖನದಲ್ಲಿ ಆರ್‌ಸಿಸಿಬಿ ಬಗ್ಗೆಯೂ ನಾಲ್ಕು ಸಾಲು ಸೇರಿಸಿ.