ಎಲ್ಲರೂ ಬರ್ರಿ

ಭಾನುವಾರ ಬೆಳಿಗ್ಗೆ ಏಳಕ್ಕೆ ಸರಿಯಾಗಿ ನನ್ನ ಮೊಬೈಲ್ ಗುಂಯ್ ಅನ್ನುತ್ತದೆ. 'ಇಂದು ಸಂಜೆ ಐದೂವರೆಗೆ ಪಬ್ಲಿಕ್ ಗಾರ್ಡನ್‌ನಲ್ಲಿ ನಮ್ಮ ಕೂಟ. ಎಲ್ಲರಿಗೂ ಆತ್ಮೀಯ ಸ್ವಾಗತ.' ಕೆಳಗೆ ಮೂರು ಜೋಡಿ ಮುಗಿದ ಕೈ, ಒಂದು ಗುಲಾಬಿ. ಎರಡು ವರ್ಷದಿಂದ ಅದೇ ಸಾಲು, ಅದೇ ಗುಲಾಬಿ. ಬರುವವರೂ ಅದೇ ಆರು ಮಂದಿ. ಹೋದ ವಾರ ಆ ಗುಲಾಬಿ ನೋಡಿ ಎಲ್ಲಿತ್ತೋ ಸಿಟ್ಟು, ಚಹಾದ ಕಪ್ಪು ಕುಕ್ಕಿಬಿಟ್ಟೆ.

"ಯಾರರ ಹೋದ್ರೇನ್ರಿ?" ಅಂದಳು ಹೆಂಡತಿ.

"ಯಾರೂ ಹೋಗಿಲ್ಲ. ಯಾರೂ ಬರಲ್ಲ, ಅದೇ ಚಿಂತಿ."

ಆರು ಮಂದಿ ಅಂದೆನಲ್ಲ, ಆರೂ ಗಂಡಸರು. ಐವರು ಪೆನ್ಶನ್‌ದಾರರು, ಆರನೆಯವರು ಬರುವ ಜೂನ್‌ಗೆ ಆಗುವವರು. ನಾಲ್ವರಿಗೆ ಶುಗರ್. ಎಲ್ಲರ ಕಾಲಲ್ಲೂ ಮಗನೋ ಅಳಿಯನೋ ಕೊಡಿಸಿದ ವಾಕಿಂಗ್ ಬೂಟು. ನಮ್ಮಲ್ಲಿ ಅಧ್ಯಕ್ಷರಿಲ್ಲ, ಕಾರ್ಯದರ್ಶಿಯಿಲ್ಲ, ರಸೀದಿ ಪುಸ್ತಕ ಇಲ್ಲ. ಅದೇ ನಮ್ಮ ಹೆಮ್ಮೆ. ಕಲಬುರಗಿಯ ನೀರು, ನೆರಳು, ಬಿಸಿಲು, ಇವುಗಳ ಬಗ್ಗೆ ಊರಿನ ಎಲ್ಲಾ ತರಹದ ಮಂದಿ ಬೇವಿನ ಮರದ ಕೆಳಗೆ ಕೂತು ಮಾತಾಡಬೇಕು ಅಂತ ಆಸೆ. ಒಬ್ಬರು ಹೇಳಿದ್ದಕ್ಕೆ ಉಳಿದ ಐವರು 'ಖರೇ ಅದರಿ' ಅನ್ನುವುದಕ್ಕೆ ಚರ್ಚೆ ಅನ್ನುವುದಾದರೆ, ನಮ್ಮದು ಭರ್ಜರಿ ಚರ್ಚೆ.

ಪ್ರತಿ ಕೂಟದ ಕೊನೆಗೆ 'ಬೇರೆಯವರೂ ಬರಬೇಕ್ರಿ' ಅನ್ನುವ ಮಾತು ಬರುತ್ತದೆ. ಆಗ ನಮ್ಮ ನಿವೃತ್ತ ಲೆಕ್ಚರರ್ ಗಂಟಲು ಸರಿಮಾಡಿಕೊಳ್ಳುತ್ತಾರೆ. ಮುಂದೆ ಅನುಭವ ಮಂಟಪ ಬರುತ್ತದೆ ಅಂತ ನಮಗೆಲ್ಲ ಗೊತ್ತು. ಬಸವಕಲ್ಯಾಣ ಇಲ್ಲಿಗೆ ದೂರವೇನಲ್ಲ, ಅವರ ಬಾಯಿಗಂತೂ ಇನ್ನೂ ಹತ್ತಿರ. "12ನೆಯ ಶತಮಾನದಾಗ ಅಂಬಿಗರ ಚೌಡಯ್ಯ ಬಂದ, ಮಡಿವಾಳ ಮಾಚಯ್ಯ ಬಂದ, ಹಗ್ಗ ಹೊಸೆಯೋ ನುಲಿಯ ಚಂದಯ್ಯ ಬಂದ, ಅಕ್ಕಿ ಆಯೋ ಲಕ್ಕಮ್ಮ ಬಂದಳು. ಕಾಶ್ಮೀರದಿಂದ ಮೋಳಿಗೆ ಮಾರಯ್ಯ ಬಂದ ಅಂತಾರ. ವಾಟ್ಸಾಪ್ ಇತ್ತೇನ್ರಿ ಆಗ?"

ಇರಲಿಲ್ಲ, ಒಪ್ಪಿದೆ. ಆದರೆ ನನ್ನ ತಲೆಯಲ್ಲಿ ಬೇರೆ ಹುಳ. ಚೌಡಯ್ಯ ಮಂಟಪದಲ್ಲಿ ಕೂತ ಹೊತ್ತಿಗೆ ದೋಣಿ ಯಾರು ನಡೆಸಿದರು? ಅವತ್ತಿನ ಸಂಪಾದನೆಯ ಗತಿ ಏನು? ಮಾಚಯ್ಯನ ಬಟ್ಟೆ ಒಣಗಿದ ಮೇಲೆ ಸಭೆ ಇಡುತ್ತಿದ್ದರೋ, ನೆನೆಹಾಕುವ ಹೊತ್ತಿಗೋ? ಲೆಕ್ಚರರ್ ಸಾಹೇಬರು ಇಂಥವಕ್ಕೆ ಉತ್ತರ ಕೊಡುವುದಿಲ್ಲ. ಸೀದಾ ಬಿಜ್ಜಳನಿಗೆ ಹೋಗಿಬಿಡುತ್ತಾರೆ.

ಬೆಂಗಳೂರಿನ ಕಂಪನಿಯಲ್ಲಿರುವ ನನ್ನ ಅಕ್ಕನ ಮಗನಿಗೆ ಫೋನಿನಲ್ಲಿ ಈ ಗೋಳು ಹೇಳಿಕೊಂಡೆ. ಅವನು ನಕ್ಕ. ಅಮೆರಿಕದಲ್ಲಿ ಹ್ಯಾರಿಸನ್ ಓವೆನ್ ಅಂತ ಒಬ್ಬರಿದ್ದರಂತೆ. ಒಂದು ವರ್ಷ ಒದ್ದಾಡಿ ಒಂದು ದೊಡ್ಡ ಸಮ್ಮೇಳನ ಮಾಡಿದರೆ, ಬಂದವರೆಲ್ಲ 'ಕಾಫಿಗೆ ಬಿಟ್ಟಾಗ ಆಡಿದ ಮಾತೇ ಚಲೋ ಇತ್ತು' ಅಂದರಂತೆ. ಅವರು ಅದೇ ಎಳೆ ಹಿಡಿದು 1985ರಲ್ಲಿ ಓಪನ್ ಸ್ಪೇಸ್ ಅನ್ನುವ ಪದ್ಧತಿ ಶುರು ಮಾಡಿದರು. ಮೊದಲೇ ಕಾರ್ಯಕ್ರಮ ಪಟ್ಟಿ ಇಲ್ಲ, ಬಂದವರೇ ವಿಷಯ ಗೋಡೆಗೆ ಹಚ್ಚುತ್ತಾರೆ. ಒಂದು ಕಡೆ ಕೂತು ಏನೂ ಕಲಿಯುತ್ತಿಲ್ಲ, ಏನೂ ಕೊಡುತ್ತಿಲ್ಲ ಅನ್ನಿಸಿದರೆ ಎದ್ದು ಇನ್ನೊಂದು ಕಡೆ ಹೋಗಬಹುದು, ಯಾರೂ ತಪ್ಪು ತಿಳಿಯುವುದಿಲ್ಲ. "ಅದರಾಗ ಒಂದು ರೂಲ್ ಅದ ಮಾಮಾ. ಯಾರು ಬಂದಾರೋ ಅವರೇ ಸರಿಯಾದವರು."

ನಮ್ಮವರಿಗೆ ಈ ರೂಲ್ ಹೇಳಿದ್ದೇ ತಪ್ಪಾಯಿತು. ಆರೂ ಮಂದಿಯ ಮುಖ ಅರಳಿತು. ನಾವೇ ಸರಿಯಾದವರು! ಎರಡು ವರ್ಷದ ಕೊರಗು ಒಂದೇ ಏಟಿಗೆ ಮಾಯ. ಬಂದವರ ಮನಸ್ಸು ಸಣ್ಣದಾಗದಿರಲಿ ಅಂತ ಹುಟ್ಟಿದ ಮಾತು ನಮ್ಮ ಕೈಗೆ ಸಿಕ್ಕು, ಯಾರನ್ನೂ ಕರೆಯಬೇಕಿಲ್ಲ ಅನ್ನುವ ರಜಾ ಚೀಟಿ ಆಯಿತು. ಸುಮ್ನೆ ಹೇಳುವುದಲ್ಲ, ನನಗೆ ಅವತ್ತು ಭಾಳ ಬೇಜಾರಾಯಿತು.

ನಡುವೆ ಒಮ್ಮೆ ಕಾಲೇಜು ಹುಡುಗಿಯೊಬ್ಬಳು ಬಂದಿದ್ದಳು, ಅದನ್ನೂ ಹೇಳಿಬಿಡುತ್ತೇನೆ. ಆರು ಮಂದಿಯೂ ಒಬ್ಬರಾದ ಮೇಲೆ ಒಬ್ಬರು "ಯುವಜನಾಂಗ ಏನಂತದಮ್ಮ?" ಅಂತ ಕೇಳಿದೆವು. ನಾಲ್ಕನೆಯ ಸಲ ಆಕೆ, "ಅಂಕಲ್, ನಾನೊಬ್ಬಾಕೀನೇ ಬಂದೀನ್ರಿ" ಅಂದಳು. ಮತ್ತೆ ಬರಲಿಲ್ಲ.

ನಮ್ಮವ್ವ ಮನೆಯಲ್ಲಿ ಕಾರ್ಯ ಇದ್ದಾಗ ಕರೆಯಲು ಹೋಗುತ್ತಿದ್ದ ರೀತಿ ನೆನಪಾಯಿತು. ಕಾರ್ಡ್ ಕೊಟ್ಟು ಬರುವವಳಲ್ಲ. ಹೊಸ್ತಿಲಲ್ಲಿ ನಿಂತು ಕುಂಕುಮ ಹಚ್ಚಿ, ಮನೆಮಂದಿಯನ್ನೆಲ್ಲ ಹೆಸರು ಹಿಡಿದು ಕರೆದು, "ಅವತ್ತು ಒಲಿ ಹಚ್ಚಬ್ಯಾಡ್ರಿ" ಅನ್ನುತ್ತಿದ್ದಳು. ಹಂಗೇ ಕರೆಯೋಣ ಅಂತ ನಾನೂ ಬೂಟು ಬಿಟ್ಟು ಚಪ್ಪಲಿ ಹಾಕಿಕೊಂಡು ಹೊರಟೆ.

ಮೊದಲು ಪಂಕ್ಚರ್ ಅಂಗಡಿಯವರು. ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಲೇ, "ನಿಮ್ಮ ಮಾತು ರಂಗಕ್ಕ ಏರೋ ಟೈಮಿಗೇ ನಂದು ಮಗ್ರಿಬ್ ನಮಾಜು ಆಗ್ತದಲ್ರಿ ಸರ್" ಅಂದರು. ಎರಡು ವರ್ಷದಲ್ಲಿ ಇದು ಆರು ತಲೆಗಳಲ್ಲಿ ಒಂದಕ್ಕೂ ಹೊಳೆದಿರಲಿಲ್ಲ.

ಆಮೇಲೆ ರೊಟ್ಟಿ ಅಕ್ಕ. ನಮ್ಮ ಓಣಿಯ ತಿರುವಿನಲ್ಲಿ ತಗಡಿನ ಶೆಡ್, ಒಳಗೆ ಎರಡು ಒಲೆ, ಹೊರಗೆ 42 ಡಿಗ್ರಿ. ಆಕೆ ಕುದಿಯುವ ಎಸರು ಹಾಕಿ ಜೋಳದ ಹಿಟ್ಟು ನಾದುತ್ತಿದ್ದಳು. ನಾವಾದರೆ ಆ ಹಿಟ್ಟಿಗೆ ಕೈ ಹಚ್ಚಿದರೆ ಆಸ್ಪತ್ರೆಗೆ ಓಡಬೇಕು.

"ಶರಣ್ರಿ ಅಣ್ಣಾರ. ಎಷ್ಟ್ ಬೇಕ್ರಿ?"

"ರೊಟ್ಟಿಗಲ್ಲ ಅಕ್ಕಾ, ಕರೀಲಾಕ್ ಬಂದೀನಿ."

"ಲಗ್ನ ಏನ್ರಿ? ಮಗಂದೋ, ಮಗಳದೋ?"

ಲಗ್ನ ಅಲ್ಲ, ಕೂಟ ಅಂತ ತಿಳಿಸಿ ಹೇಳುವ ಹೊತ್ತಿಗೆ ಮೂರು ರೊಟ್ಟಿ ಆಗಿದ್ದವು. ಉಂಡೆ ಇಟ್ಟು ತಟ್ಟುತ್ತಾಳೆ, ತಟ್ಟುತ್ತ ತಟ್ಟುತ್ತ ರೊಟ್ಟಿ ತಾನೇ ಸುತ್ತು ತಿರುಗುತ್ತದೆ. ಅಂಚು ಎಲ್ಲೂ ಸೀಳುವುದಿಲ್ಲ. ಹಂಚಿಗೆ ಹಾಕಿ ಒದ್ದೆ ಅರಿವೆಯಿಂದ ಮೇಲೆ ನೀರು ಸವರುತ್ತಾಳೆ. ತಿರುವಿ ಉರಿಗೆ ಹಿಡಿದರೆ ಬಲೂನಿನಂತೆ ಉಬ್ಬುತ್ತದೆ. ನಾನು ಸ್ಟೂಲು ಎಳೆದುಕೊಂಡು ಕೂತೆ. ಹಿಟ್ಟು ಮಾಲ್ದಂಡಿ ಜೋಳದ್ದೇ ಆಗಬೇಕಂತೆ, ಬೇರೆಯದಾದರೆ ತಟ್ಟುವಾಗ ಬಿರಿಯುತ್ತದಂತೆ. ನಳದ ನೀರು ಬರುವ ದಿನ ನಸುಕಿನಲ್ಲೇ ಕೊಡ ತುಂಬಿಸಿಡಬೇಕು, ಅವತ್ತು ರೊಟ್ಟಿ ತಡ. ಭಾನುವಾರ ಸಂಜೆ ಖಾನಾವಳಿಗಳ ಆರ್ಡರ್ ಜಾಸ್ತಿ. ಶೆಡ್ ಮುಂದಿದ್ದ ಬೇವಿನ ಮರ ರಸ್ತೆ ಅಗಲ ಮಾಡುವಾಗ ಹೋಯಿತು, ಆವತ್ತಿನಿಂದ ತಗಡು ಮಧ್ಯಾಹ್ನವೂ ಒಲೆಯೇ. ನೀರು, ನೆರಳು, ಬಿಸಿಲು, ಎಲ್ಲಾ ಬಂತು. ಒಂದು ತಾಸು ಹೋದದ್ದೇ ಗೊತ್ತಾಗಲಿಲ್ಲ.

"ಇದನ್ನೇ ಕೂಟದಾಗ ಬಂದು ಹೇಳ್ರಿ ಅಕ್ಕಾ" ಅಂದೆ.

"ಈಗ ಹೇಳಿದೆನಲ್ರಿ ನಿಮಗ. ಮತ್ತ ಅಲ್ಲಿ ಬಂದು ಯಾರಿಗೆ ಹೇಳ್ಲಿ?" ರೊಟ್ಟಿ ತಿರುವಿದಳು. "ಎಷ್ಟ್ ಮಂದಿ ಇರ್ತೀರಿ?"

ಆಸಕ್ತಿ ಹುಟ್ಟಿತು ಅಂತ ನಾನು ಹಿಗ್ಗಿದೆ. "ಆರು ಮಂದಿ."

"ಹಂಗಾದ್ರ ಇಪ್ಪತ್ತು ಸಾಕು ಬಿಡ್ರಿ. ಕಡಕ್ ಬೇಕೋ, ಮೆತ್ತನ್ನವೋ?"

ಏನು ಹೇಳಲಿ? ಬಿಳಿ ಬಟ್ಟೆಯವರು ತನ್ನನ್ನು ಸಭೆಗೆ ಕರೆದರೆ ಅದು ಯಾತಕ್ಕೆ ಅಂತ ಆಕೆಗೆ ಚೆನ್ನಾಗಿ ಗೊತ್ತಿತ್ತು. ಅಲ್ಲ ಅಕ್ಕಾ, ನೀವು ಕೂಡಲಾಕ್ ಬರ್ರಿ ಅಂತ ಇನ್ನೊಮ್ಮೆ ಹೇಳಿದೆ. "ನೋಡಾಮ್ ತಗೋರಿ" ಅಂದಳು. ಅದರ ಅರ್ಥ ಈ ಭಾಗದವರಿಗೆ ಬಿಡಿಸಿ ಹೇಳಬೇಕಿಲ್ಲ.

ಭಾನುವಾರ ಆಕೆ ಬರಲಿಲ್ಲ. ಹುಡುಗನ ಕೈಯಲ್ಲಿ ಪೇಪರ್ ಸುತ್ತಿದ ಇಪ್ಪತ್ತು ಕಡಕ್ ರೊಟ್ಟಿ ಬಂದವು, ಮೇಲೊಂದು ಪುಡಿಕೆ ಶೇಂಗಾ ಹಿಂಡಿ. ರೊಕ್ಕ ಆಮೇಲೆ ಕೊಟ್ಟರೂ ನಡೀತದಂತೆ. ಅವತ್ತು ಲೆಕ್ಚರರ್ ಸಾಹೇಬರ ಬಾಯಿ ತುಂಬಿತ್ತು, ಅನುಭವ ಮಂಟಪ ಬರಲಿಲ್ಲ. ಗಾರ್ಡನ್ ವಾಚ್‌ಮನ್ ದೂರದಿಂದ ನೋಡುತ್ತಿದ್ದ. ಕರೆದೆವು. ಬಂದು ಎರಡು ತಿಂದು, ಪೇಪರ್ ಇಲ್ಲೇ ಬಿಟ್ಟು ಹೋಗಬೇಡಿ ಅಂತ ಬೈದು ಹೋದ.

ಮರುದಿನ ರೊಕ್ಕ ಕೊಡಲು ಹೋದೆ. ಹಿಟ್ಟಿನ ಕೈಯಲ್ಲೇ ಎಣಿಸಿಕೊಂಡಳು. "ಏನ್ ಮಾತಾಡಿದ್ರಿ ಅಣ್ಣಾರ ನಿನ್ನಿ?"

ನೆನಪು ಮಾಡಿಕೊಳ್ಳಲು ನೋಡಿದೆ. "ಹಿಂಡಿಗೆ ಉಪ್ಪು ತುಸು ಜಾಸ್ತಿ ಅಂದ್ರು."

"ಬರೋ ವಾರ ಎಷ್ಟ್ ಕಳಿಸ್ಲಿ?"

ಇನ್ನೊಮ್ಮೆ ಕರೆಯಬೇಕೆಂದೇ ಹೋಗಿದ್ದೆ. ಬಾಯಿಗೆ ಬಂದದ್ದು ಮಾತ್ರ, "ಇಪ್ಪತ್ತೈದು."