ಟ್ರಾಮ್ ಬೇಗ ಹೋಗಬೇಕಾದರೆ ಸ್ಟಾಪ್ ಕಡಿಮೆ ಮಾಡಬೇಕಾ?

ಮೆಲ್ಬರ್ನ್‌ನಲ್ಲಿ ಟ್ರಾಮ್ ಹತ್ತಿದವರಿಗೆಲ್ಲ ಗೊತ್ತಿರುವ ವಿಷಯ: ಅದು ನಿಧಾನ. ಸರಾಸರಿ ವೇಗ ಗಂಟೆಗೆ ಸುಮಾರು 16 ಕಿ.ಮೀ. ಸೈಕಲ್‌ನವರು ಹಿಂದಿನಿಂದ ಬಂದು ದಾಟಿ ಹೋಗುತ್ತಾರೆ. ಅಕ್ಕಪಕ್ಕದ ಸ್ಟಾಪ್‌ಗಳನ್ನು ತೆಗೆದು ದೂರ ದೂರ ಮಾಡಿದರೆ ಸರಿಹೋಗುತ್ತದಾ?

ಪರ: ಸ್ವಲ್ಪ ಜಾಸ್ತಿ ನಡೆಯೋಣ

ಟ್ರಾಮ್‌ಗೆ ಓಡುವ ಶಕ್ತಿ ಇಲ್ಲ ಅಂತಲ್ಲ. ಇಲ್ಲಿ ಓಡುವ ಇ-ಕ್ಲಾಸ್ ಮಾದರಿಯ ಟ್ರಾಮ್ ಗಂಟೆಗೆ 80 ಕಿ.ಮೀ. ಓಡಬಲ್ಲದು. ಆದರೆ ಸುಮಾರು 250 ಮೀಟರಿಗೊಂದು ಸ್ಟಾಪ್ ಇದೆ. ವೇಗ ಹಿಡಿಯುವಷ್ಟರಲ್ಲಿ ಮತ್ತೆ ಬ್ರೇಕ್. ಕೆಲವು ಕಡೆ ಈ ಸ್ಟಾಪ್‌ನಲ್ಲಿ ನಿಂತರೆ ಮುಂದಿನ ಸ್ಟಾಪ್‌ನ ಬೋರ್ಡು ಕಾಣುತ್ತದೆ.

ಒಂದು ಲೆಕ್ಕ ಹಾಕಿ ನೋಡಿ. 10 ಕಿ.ಮೀ. ದಾರಿಯಲ್ಲಿ ಈಗ 40 ಸ್ಟಾಪ್. 400 ಮೀಟರಿಗೊಂದು ಮಾಡಿದರೆ 25. ಬ್ರೇಕ್ ಹಾಕಿ, ಬಾಗಿಲು ತೆಗೆದು, ಮುಚ್ಚಿ, ಮತ್ತೆ ವೇಗ ಹಿಡಿಯಲು ಪ್ರತಿ ಸ್ಟಾಪ್‌ಗೆ ಅರ್ಧ ನಿಮಿಷ ಅಂತ ಇಟ್ಟುಕೊಳ್ಳಿ. 15 ಸ್ಟಾಪ್ ಹೋದರೆ ಏಳೂವರೆ ನಿಮಿಷ ಉಳಿಯಿತು. ಈಗ ಮೂವತ್ತೇಳೂವರೆ ನಿಮಿಷ ಹಿಡಿಯುವ ದಾರಿ ಅರ್ಧ ಗಂಟೆಗೆ ಮುಗಿಯುತ್ತದೆ.

ಉಳಿತಾಯ ಅಷ್ಟಕ್ಕೇ ನಿಲ್ಲುವುದಿಲ್ಲ. ಹೋಗಿ ಬರುವ 75 ನಿಮಿಷದ ಓಡಾಟ 60 ನಿಮಿಷಕ್ಕೆ ಇಳಿಯುತ್ತದೆ. 15 ಟ್ರಾಮ್ ಇಟ್ಟುಕೊಂಡು ಐದು ನಿಮಿಷಕ್ಕೊಂದು ಬಿಡುತ್ತಿದ್ದರೆ, ಅದೇ 15ರಲ್ಲಿ ನಾಲ್ಕು ನಿಮಿಷಕ್ಕೊಂದು ಬಿಡಬಹುದು. ಹೊಸ ಗಾಡಿ ಬೇಡ, ಹೊಸ ಡ್ರೈವರ್ ಬೇಡ. ಚಳಿಯಲ್ಲಿ ಕಾಯುವವರಿಗೆ ಆ ಒಂದು ನಿಮಿಷ ಸಣ್ಣದಲ್ಲ.

ಮೆಟ್ಟಿಲಿನ ಮಾತೂ ಇದೆ. ಹಳೆ ಟ್ರಾಮ್ ಹತ್ತಲು ರಸ್ತೆಯಿಂದ ಎತ್ತರದ ಮೆಟ್ಟಿಲು ಏರಬೇಕು. ಮಗುವಿನ ಗಾಡಿ ತಂದ ತಾಯಿ ಅದನ್ನು ಎತ್ತಲು ಯಾರನ್ನಾದರೂ ಕೇಳಬೇಕು. ವೀಲ್‌ಚೇರ್‌ನವರು ಹತ್ತುವ ಹಾಗೇ ಇಲ್ಲ. ಬಾಗಿಲಿನ ಮಟ್ಟಕ್ಕೆ ಪ್ಲಾಟ್‌ಫಾರ್ಮ್ ಕಟ್ಟಿ, ತಗ್ಗು ನೆಲದ ಗಾಡಿ ಬಿಟ್ಟರೆ ಎಲ್ಲರೂ ಸಲೀಸಾಗಿ ಹತ್ತುತ್ತಾರೆ, ಸಮಯವೂ ಉಳಿಯುತ್ತದೆ. ಸ್ಟಾಪ್‌ಗಳನ್ನು ಹೀಗೆ ಮಾಡಿ ಮುಗಿಸಲು ಕಾನೂನು ಕೊಟ್ಟ ಗಡುವು 2022. ಸುಮಾರು 1,700 ಸ್ಟಾಪ್‌ಗಳಲ್ಲಿ ಬಹುಪಾಲು ಅಷ್ಟರೊಳಗೆ ಆಗಲಿಲ್ಲ. ಎಲ್ಲವನ್ನೂ ಉಳಿಸಿಕೊಂಡು ಎಲ್ಲ ಕಡೆ ಕಟ್ಟುತ್ತೇವೆ ಅಂದರೆ ಯಾವಾಗ ಮುಗಿಯುತ್ತದೆ? ಎರಡು ಸ್ಟಾಪ್ ಸೇರಿಸಿ ಒಂದು ಒಳ್ಳೆಯದನ್ನು ಕಟ್ಟಲಿ. ಸ್ಟಾಪ್‌ಗೆ ರಸ್ತೆಗುಂಟ ನಡೆಯಬೇಕಾದ ಅತಿ ಹೆಚ್ಚು ದೂರ 125 ಮೀಟರಿಂದ 200 ಆಗುತ್ತದೆ, 75 ಮೀಟರ್ ಜಾಸ್ತಿ, ಅಷ್ಟೇ.

ವಿರೋಧ: ದಾರಿಗೆ ಅಡ್ಡ ನಿಂತಿರುವುದು ಕಾರು

ಈ ಲೆಕ್ಕದಲ್ಲಿ ಒಂದು ತಪ್ಪಿದೆ. ಸ್ಟಾಪ್ ತೆಗೆದರೆ ಅಲ್ಲಿ ಹತ್ತುತ್ತಿದ್ದ ಜನ ಮಾಯವಾಗುವುದಿಲ್ಲ. ಮುಂದಿನ ಸ್ಟಾಪ್‌ನಲ್ಲಿ ಹತ್ತುತ್ತಾರೆ, ಅಲ್ಲಿ ಬಾಗಿಲು ಅಷ್ಟು ಹೊತ್ತು ಜಾಸ್ತಿ ತೆರೆದಿರಬೇಕು. ಇಳಿಯುವವರೂ ಕಾಯುವವರೂ ಇಲ್ಲದ ಸ್ಟಾಪ್‌ನಲ್ಲಿ ಟ್ರಾಮ್ ಈಗಲೂ ನಿಲ್ಲುವುದಿಲ್ಲ. ಹಾಗಾಗಿ ಏಳೂವರೆ ನಿಮಿಷ ಪೂರ್ತಿ ಕೈಗೆ ಸಿಗುವುದಿಲ್ಲ.

19ನೇ ನಂಬರ್ ಹತ್ತಿ ಬ್ರನ್ಸ್‌ವಿಕ್‌ನ ಸಿಡ್ನಿ ರೋಡ್‌ನಲ್ಲಿ ಹೋಗಿ ನೋಡಿ. ಎರಡೂ ಬದಿ ಕಾರು ಪಾರ್ಕ್ ಮಾಡಿರುತ್ತಾರೆ. ಉಳಿದ ಜಾಗದಲ್ಲಿ ಹಳಿ, ಅದೇ ಹಳಿಯ ಮೇಲೆ ಕಾರು. ಮುಂದಿನ ಕಾರು ಬಲಕ್ಕೆ ತಿರುಗಬೇಕು. ಇಂಡಿಕೇಟರ್ ಹಾಕಿಕೊಂಡು ಹಳಿಯ ಮೇಲೇ ನಿಲ್ಲುತ್ತದೆ, ಎದುರಿನಿಂದ ಗಾಡಿಗಳ ಸಾಲು ಮುಗಿಯುವುದೇ ಇಲ್ಲ. ನಮ್ಮ ಡ್ರೈವರ್ ಟಿಣ್ ಟಿಣ್ ಅಂತ ಗಂಟೆ ಬಾರಿಸುತ್ತಾರೆ. ಬಸ್ಸಾದರೆ ಪಕ್ಕಕ್ಕೆ ಸರಿದು ಹೋಗುತ್ತಿತ್ತು, ಟ್ರಾಮ್ ಎಲ್ಲಿಗೆ ಸರಿಯುತ್ತದೆ? ಅಷ್ಟರಲ್ಲಿ ಸಿಗ್ನಲ್ ಮತ್ತೆ ಕೆಂಪು. ಒಬ್ಬರಿಗಾಗಿ ಟ್ರಾಮ್ ತುಂಬ ಜನ ಕಾದಂತಾಯಿತು. ಮೆಲ್ಬರ್ನ್‌ನ ಹಳಿಯಲ್ಲಿ ಸುಮಾರು ಮುಕ್ಕಾಲು ಭಾಗ ಹೀಗೆ ಕಾರುಗಳ ಜೊತೆ ಹಂಚಿಕೊಂಡದ್ದು.

96ನೇ ನಂಬರ್ ಸಿಟಿ ದಾಟಿ ಸೇಂಟ್ ಕಿಲ್ಡಾ ಕಡೆ ಹೊರಟರೆ ಅದರ ನಡಿಗೆಯೇ ಬೇರೆ. 1987ರಲ್ಲಿ ಅಲ್ಲಿನ ರೈಲು ನಿಲ್ಲಿಸಿ ಅದೇ ದಾರಿಯಲ್ಲಿ ಟ್ರಾಮ್ ಬಿಟ್ಟರು. ಅಲ್ಲಿ ಸ್ಟಾಪ್‌ಗಳು ದೂರ ಇವೆ, ಅದನ್ನು ಒಪ್ಪುತ್ತೇನೆ. ಆದರೆ ಹಳಿಯ ಮೇಲೆ ಒಂದು ಕಾರೂ ಇಲ್ಲ, ನನಗೆ ದೊಡ್ಡದಾಗಿ ಕಾಣುವುದು ಅದು.

ಇನ್ನು 75 ಮೀಟರ್ ನಡಿಗೆ. ಊರಿಂದ ಅಮ್ಮ ಬಂದಿದ್ದರು. ಮಂಡಿ ನೋವು. ಕ್ವೀನ್ ವಿಕ್ಟೋರಿಯಾ ಮಾರ್ಕೆಟ್‌ನಲ್ಲಿ ಬದನೆಕಾಯಿ, ಕೊತ್ತಂಬರಿ ಕಟ್ಟು ಕೊಂಡು ಟ್ರಾಮ್‌ನಲ್ಲಿ ಮನೆಗೆ ಬರುತ್ತಿದ್ದರು. ಸ್ಟಾಪ್‌ನಲ್ಲಿ ಇಳಿದು ಕಂಬಕ್ಕೆ ಕೈಯೂರಿ ನಿಂತು, ಎಡಗೈಯಿಂದ ಬಲಗೈಗೆ ಚೀಲ ಬದಲಿಸಿ, ಆಮೇಲೆ ಹೆಜ್ಜೆ ಇಡುತ್ತಿದ್ದರು. ನಮ್ಮ ಮನೆಗೆ ಅಲ್ಲಿಂದ ನಾಲ್ಕು ಲೈಟ್ ಕಂಬ. ಐದನೇ ಕಂಬದಷ್ಟು ದೂರವಿದ್ದರೆ ಅವರು ಒಬ್ಬರೇ ಹೋಗುತ್ತಿರಲಿಲ್ಲ. ಒಬ್ಬರೇ ಹೋಗಿ ಬರುವುದೇ ಅವರಿಗೆ ಖುಷಿ.

ಸಿಟಿ ಮಧ್ಯದಲ್ಲಿ ಹುಕ್ ಟರ್ನ್ ಇದೆ. ಬಲಕ್ಕೆ ತಿರುಗುವ ಕಾರು ಎಡಬದಿಗೆ ಬಂದು ಕಾಯಬೇಕು, ಹಳಿ ಖಾಲಿ ಇರುತ್ತದೆ. ಅಂಥದ್ದನ್ನು ಮೊದಲು ಸಿಡ್ನಿ ರೋಡ್‌ಗೂ ತನ್ನಿ. ಪಾರ್ಕಿಂಗ್ ತೆಗೆಯಿರಿ. ಟ್ರಾಮ್ ಹತ್ತಿರ ಬಂದಾಗ ಸಿಗ್ನಲ್ ಹಸಿರಾಗಲಿ. ಆಮೇಲೂ ನಿಧಾನ ಅನಿಸಿದರೆ ಸ್ಟಾಪ್ ವಿಷಯ ಮಾತಾಡೋಣ.